ಹಳೇ ಶೂ, ಹೊಸ ಅವತಾರ: ನಿಮ್ಮ ಕಾಲಿಗೆ ಹೊಂದೀತೇ?

ಕಾಲೇಜು ಶುರುವಾಗುವ ಹೊತ್ತಿಗೆ ಮನೆಯಲ್ಲಿ ತಯಾರಾಗುವ ಬೇಡಿಕೆಗಳ ಪಟ್ಟಿಯಲ್ಲಿ ಪುಸ್ತಕ, ಬ್ಯಾಗು, ಮೊಬೈಲುಗಳ ಜತೆಗೆ ಈಗ ಶೂಗಳಿಗೂ ಒಂದು ಸ್ಥಾನ ಉಂಟು. ಅದೂ ಯಾವುದೋ ಒಂದು ಶೂ ಆದರೆ ಆಗದು. ಅಪ್ಪ ಹುಟ್ಟುವ ಮೊದಲೇ, ಕೆಲವೊಮ್ಮೆ ಅಜ್ಜ ಹುಟ್ಟುವ ಮೊದಲೇ ಮಾರುಕಟ್ಟೆಗೆ ಬಂದಿದ್ದ ಮಾದರಿಯೇ ಬೇಕು!

ಹೆತ್ತವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. 'ನಾವು ಡ್ರಿಲ್ ಪೀರಿಯಡ್ಡಿಗೆ ಹಾಕಿಕೊಂಡು ಹೋಗುತ್ತಿದ್ದ ಕ್ಯಾನ್ವಾಸ್ ಶೂ ಅಲ್ಲವೇನೋ ಇದು? ಇದಕ್ಕೆ ಇಷ್ಟೊಂದು ದುಡ್ಡೇ?' ಎಂದು ಅಪ್ಪ ಕೇಳಿದರೆ, 'ನಿಮಗೆ ಗೊತ್ತಾಗಲ್ಲ ಬಿಡಿ ಅಪ್ಪ' ಎಂದು ಮಗ ಮುಖ ತಿರುಗಿಸುತ್ತಾನೆ. ಒಬ್ಬರು ಬೆಲೆಯನ್ನು ನೋಡುತ್ತಿದ್ದಾರೆ, ಇನ್ನೊಬ್ಬರು ಅಂದವನ್ನು. ಆ ಶೂವನ್ನು ಮೊದಲು ಯಾವ ಕೆಲಸಕ್ಕಾಗಿ ಮಾಡಿದರು, ಈಗಿನ ಮರುರೂಪದಲ್ಲಿ ಏನೇನು ಬದಲಾಗಿದೆ, ಅದನ್ನು ಹಾಕಿಕೊಳ್ಳಲಿರುವ ಪಾದ ಎಂಥದ್ದು ಎಂಬ ಮೂರು ವಿಷಯಗಳನ್ನು ಮಾತ್ರ ಇಬ್ಬರೂ ನೋಡುತ್ತಿಲ್ಲ. ಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದದ್ದು ಇವೇ ಮೂರು.

ನೂರು ವರ್ಷದ ಹಳೇ ಆಟಗಾರ

ಉದಾಹರಣೆಗೆ ಜಗತ್ತಿನ ಅತಿ ಪರಿಚಿತ ಕ್ಯಾನ್ವಾಸ್ ಶೂವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾಲ್ಡನ್ ಎಂಬ ಊರಿನಲ್ಲಿ ಮಾರ್ಕ್ವಿಸ್ ಮಿಲ್ಸ್ ಕಾನ್ವರ್ಸ್ ಎಂಬಾತ 1908ರಲ್ಲಿ ಒಂದು ರಬ್ಬರ್ ಶೂ ಕಂಪನಿ ಆರಂಭಿಸಿದ. 1917ರಲ್ಲಿ ಆ ಕಂಪನಿ ಬ್ಯಾಸ್ಕೆಟ್‌ಬಾಲ್ ಆಟಕ್ಕೆಂದು 'ಆಲ್ ಸ್ಟಾರ್' ಎಂಬ ಶೂ ಹೊರತಂದಿತು. ಮೇಲೆ ಕ್ಯಾನ್ವಾಸ್ ಬಟ್ಟೆ, ಕೆಳಗೆ ಚಪ್ಪಟೆ ರಬ್ಬರ್ ಅಟ್ಟೆ, ಕಣಕಾಲು ಮುಚ್ಚುವಷ್ಟು ಎತ್ತರ. ಇಷ್ಟೇ.

ಮುಂದೆ 1920ರ ದಶಕದ ಆರಂಭದಲ್ಲಿ ಚಾರ್ಲ್ಸ್ 'ಚಕ್' ಟೇಲರ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರ ಮಾರಾಟಗಾರನಾಗಿ ಕಂಪನಿ ಸೇರಿದ. ಊರೂರು ತಿರುಗಿ ಮಕ್ಕಳಿಗೆ ಆಟ ಕಲಿಸುತ್ತ, ಜತೆಯಲ್ಲೇ ಶೂ ಮಾರುತ್ತ ಹೋದ. 1930ರ ದಶಕದಲ್ಲಿ ಅವನ ಹೆಸರನ್ನೇ ಶೂವಿನ ದುಂಡನೆಯ ಪಟ್ಟಿಯ ಮೇಲೆ ಅಚ್ಚು ಹಾಕಿದರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿ ಪದಕದ ಆಟವಾಗಿ ಸೇರಿದಾಗ ಚಿನ್ನ ಗೆದ್ದ ಅಮೆರಿಕ ತಂಡದ ಕಾಲಲ್ಲಿ ಇದ್ದದ್ದು ಈ ಶೂಗಳೇ.

1970ರ ದಶಕದ ಹೊತ್ತಿಗೆ ಚರ್ಮದ, ಮೆತ್ತನೆಯ ಅಟ್ಟೆಯ ಶೂಗಳು ಬಂದವು. ಆಟಗಾರರು ಕ್ಯಾನ್ವಾಸನ್ನು ಕೈಬಿಟ್ಟರು. ಅಂಕಣದಿಂದ ಹೊರಬಿದ್ದ ಈ ಶೂವನ್ನು ಹಾಡುಗಾರರೂ ಕಾಲೇಜು ಹುಡುಗರೂ ಎತ್ತಿಕೊಂಡರು. ಆದರೂ 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಬೇಕಾಯಿತು. ಅಮೆರಿಕದಲ್ಲಿದ್ದ ಕಾರ್ಖಾನೆ ಮುಚ್ಚಿ, ತಯಾರಿಕೆ ಏಷ್ಯಾಕ್ಕೆ ಹೋಯಿತು. 2003ರಲ್ಲಿ ನೈಕಿ ಕಂಪನಿ ಸುಮಾರು 30 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡುಕೊಂಡಿತು.

ಈ ಚರಿತ್ರೆಯಿಂದ ಕೊಳ್ಳುವವರು ತಿಳಿಯಬೇಕಾದ ಒಂದು ಅಂಶವಿದೆ. 1917ರಲ್ಲಿ 'ಕ್ರೀಡಾ ಶೂ' ಆಗಿದ್ದದ್ದು ಇಂದು ಕ್ರೀಡಾ ಶೂ ಅಲ್ಲ. ಅದು ಓಡಾಟದ ಶೂ, ಉಡುಪಿನ ಒಂದು ಭಾಗ. ಪೆಟ್ಟಿಗೆಯ ಮೇಲೆ ಬ್ಯಾಸ್ಕೆಟ್‌ಬಾಲ್ ಎಂದು ಬರೆದಿದ್ದರೂ ಅಷ್ಟೇ!

ಮರುಹುಟ್ಟಿನ ಮೂರು ಬಗೆ

ಹಳೇ ಮಾದರಿಗಳು ಮತ್ತೆ ಬರುವಾಗ ಎಲ್ಲವೂ ಒಂದೇ ರೀತಿ ಬರುವುದಿಲ್ಲ. ಸ್ಥೂಲವಾಗಿ ಮೂರು ಬಗೆ ಗುರುತಿಸಬಹುದು.

ಮೊದಲನೆಯದು, ಹಳೆಯದಕ್ಕೆ ಆದಷ್ಟು ನಿಷ್ಠವಾದ ಮರುರೂಪ. 2013ರಲ್ಲಿ ಬಂದ 'ಚಕ್ 70' ಈ ಜಾತಿಯದು. 1970ರ ಕಾಲದ ಆಲ್ ಸ್ಟಾರನ್ನು ಮುಂದಿಟ್ಟುಕೊಂಡು ಮಾಡಿದ್ದು. ಸಾಮಾನ್ಯ ಆಲ್ ಸ್ಟಾರ್ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇದರ ಕ್ಯಾನ್ವಾಸ್ ದಪ್ಪ. ಪಕ್ಕದ ರಬ್ಬರ್ ಪಟ್ಟಿ ಹೆಚ್ಚು ಎತ್ತರ. ಅದಕ್ಕೆ ಹೊಳಪು ಉಂಟು, ಬಣ್ಣ ಅಚ್ಚ ಬಿಳಿಯಲ್ಲ, ತುಸು ಕೆನೆಬಣ್ಣ. ಹಿಮ್ಮಡಿಯ ಮೇಲಿನ ಚೀಟಿ ಕಪ್ಪು. ಹೊಲಿಗೆ ಹೆಚ್ಚು. ಒಳಗಿನ ಮೆತ್ತೆ ಹಳೆಯದಕ್ಕಿಂತ ದಪ್ಪ. ಬೆಲೆಯೂ ಸಾಮಾನ್ಯ ಆಲ್ ಸ್ಟಾರಿಗಿಂತ ಹೆಚ್ಚು, ತೂಕವೂ ಹೆಚ್ಚು.

ಎರಡನೆಯದು, ಹೊರಗೆ ಹಳೆಯದು, ಒಳಗೆ ಹೊಸದು. ಅದೇ ಕಂಪನಿ 2015ರ ಜುಲೈನಲ್ಲಿ 'ಚಕ್ 2' ಎಂಬುದನ್ನು ಬಹಳ ಸದ್ದು ಮಾಡಿ ಬಿಡುಗಡೆ ಮಾಡಿತು. ದೂರದಿಂದ ನೋಡಿದರೆ ಅದೇ ಶೂ. ಒಳಗೆ ಮಾತ್ರ ನೈಕಿಯ ಓಟದ ಶೂಗಳಲ್ಲಿ ಬಳಸುತ್ತಿದ್ದ ಲೂನಾರ್ಲಾನ್ ಎಂಬ ಮೃದುವಾದ ನೊರೆಯ ಮೆತ್ತೆ, ಜಾರದ ಹಾಗೆ ಮೆತ್ತೆ ತುಂಬಿದ ನಾಲಿಗೆ, ಗಾಳಿಯಾಡುವ ಒಳಪದರ. ಕಾಲಿಗೆ ಹಳೆಯದಕ್ಕಿಂತ ಹಿತವಾಗಿರಲೆಂದೇ ಮಾಡಿದ್ದು. ಆದರೆ ಜನ ಕೊಳ್ಳಲಿಲ್ಲ! ಕೆಲವೇ ವರ್ಷಗಳಲ್ಲಿ ಅದು ಅಂಗಡಿಗಳಿಂದ ಮರೆಯಾಯಿತು. ಹಳೆಯದನ್ನು ಹೋಲುವ 'ಚಕ್ 70' ಉಳಿದುಕೊಂಡಿತು. ಜನ ಈ ಶೂಗಳನ್ನು ಹಿತಕ್ಕಾಗಿಯೇ ಕೊಳ್ಳುತ್ತಾರೆ ಎನ್ನುವವರಿಗೆ ಇದೊಂದು ಪಾಠ. ನೆನಪು, ನೋಟ, ಹೆಸರು ಇವುಗಳಿಗೂ ಬೆಲೆಯಿದೆ. ಅದರಲ್ಲಿ ತಪ್ಪೇನಿಲ್ಲ. ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆ ಎಂಬುದು ಕೊಳ್ಳುವವನಿಗೆ ಗೊತ್ತಿದ್ದರಾಯಿತು.

ಮೂರನೆಯದು, ಆಕಾರ ಅದೇ, ವಸ್ತು ಬೇರೆ. ಅಡಿಡಾಸ್ ಕಂಪನಿಯ 'ಸ್ಟ್ಯಾನ್ ಸ್ಮಿತ್' ಟೆನಿಸ್ ಶೂ ಇದಕ್ಕೆ ನಿದರ್ಶನ. 1960ರ ದಶಕದಲ್ಲಿ ಫ್ರಾನ್ಸಿನ ಆಟಗಾರ ರಾಬರ್ಟ್ ಹೈಲೆಗಾಗಿ ತಯಾರಾದ ಬಿಳಿ ಚರ್ಮದ ಶೂ ಇದು. 1972ರ ವಿಂಬಲ್ಡನ್ ಗೆದ್ದ ಅಮೆರಿಕದ ಸ್ಟ್ಯಾನ್ ಸ್ಮಿತ್ ಹೆಸರು ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಕೆಲಕಾಲ ಮಾರುಕಟ್ಟೆಯಿಂದ ಹಿಂತೆಗೆದುಕೊಂಡು 2014ರಲ್ಲಿ ಮತ್ತೆ ತಂದರು. 2021ರಲ್ಲಿ ಪ್ರಾಣಿಯ ಚರ್ಮದ ಬದಲು ಮರುಬಳಕೆಯ ಸಾಮಗ್ರಿಯಿಂದ ಮಾಡಿದ ಕೃತಕ ಹೊದಿಕೆಗೆ ಬದಲಾಯಿಸಿದರು. ಚರ್ಮ ಬೇಡ ಎನ್ನುವವರಿಗೆ ಇದು ಸಂತೋಷದ ಸುದ್ದಿ. ಆದರೆ ನಿಜವಾದ ಚರ್ಮ ಹಾಕಿಕೊಂಡಂತೆಲ್ಲ ಕಾಲಿನ ಆಕಾರಕ್ಕೆ ತುಸು ಹಿಗ್ಗುತ್ತದೆ. ಕೃತಕ ಹೊದಿಕೆ ಅಷ್ಟಾಗಿ ಹಿಗ್ಗುವುದಿಲ್ಲ. 'ಮೊದಮೊದಲು ಬಿಗಿ ಇರುತ್ತೆ, ಆಮೇಲೆ ಸರಿಹೋಗುತ್ತೆ' ಎಂಬ ಅಂಗಡಿಯವರ ಹಳೇ ಮಾತನ್ನು ಇಲ್ಲಿ ನಂಬಿ ಕೂರಬಾರದು.

ಹಾಗಾಗಿ ಮರುರೂಪ ಎಂದೊಡನೆ ಕೇಳಬೇಕಾದ ಮೊದಲ ಪ್ರಶ್ನೆ: ಇದು ಈ ಮೂರರಲ್ಲಿ ಯಾವುದು? ಹೆಸರು ಒಂದೇ ಇದ್ದರೂ ಶೂ ಒಂದೇ ಅಲ್ಲ.

ಕತೆಗೂ ಬೆಲೆಯುಂಟು

ಹಳೇ ಶೂಗಳ ಜತೆ ಒಂದೊಂದು ಕತೆಯೂ ಮಾರಾಟವಾಗುತ್ತದೆ. 1985ರಲ್ಲಿ 65 ಡಾಲರಿಗೆ ಮಾರುಕಟ್ಟೆಗೆ ಬಂದ 'ಏರ್ ಜೋರ್ಡಾನ್ 1' ಕುರಿತು ಒಂದು ಕತೆ ಜಗತ್ಪ್ರಸಿದ್ಧ. ಮೈಕೆಲ್ ಜೋರ್ಡಾನ್ ಧರಿಸಿದ ಕಪ್ಪು-ಕೆಂಪು ಬಣ್ಣದ ಈ ಶೂವನ್ನು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ನಿಷೇಧಿಸಿತ್ತು ಎಂಬುದು ಕತೆ. ಕಂಪನಿ ಅದನ್ನೇ ಜಾಹೀರಾತು ಮಾಡಿತು. ಆದರೆ ಲೀಗ್ ಆಕ್ಷೇಪಿಸಿದ್ದು ಬಹುಶಃ ಜೋರ್ಡಾನ್ ಅದಕ್ಕೂ ಮೊದಲು ಹಾಕಿಕೊಳ್ಳುತ್ತಿದ್ದ 'ಏರ್ ಶಿಪ್' ಎಂಬ ಬೇರೊಂದು ಶೂವನ್ನು ಎಂಬುದು ಶೂಗಳ ಚರಿತ್ರೆ ಕೆದಕಿದ ಹಲವರ ಅಭಿಪ್ರಾಯ.

ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯಕರ. ಇದೇ ಜೋರ್ಡಾನ್ 1 ಮೊದಲ ಬಾರಿಗೆ ಮರುಹುಟ್ಟು ಪಡೆದದ್ದು 1994ರಲ್ಲಿ. ಆಗ ಅದನ್ನು ಕೇಳುವವರು ಕಡಿಮೆ. ಬೆಲೆ ಇಳಿಸಿ ಮಾರಬೇಕಾಯಿತು. ಮುಂದೆ ಅದೇ ಮಾದರಿಗೆ ಜನ ಸಾಲುಗಟ್ಟಿ ನಿಂತರು. ಶೂ ಅದೇ, ಜನರ ಮನಸ್ಸು ಬೇರೆ. ಇಂದು ತರಗತಿಯಲ್ಲಿ ಎಲ್ಲರೂ ಹೊಗಳುತ್ತಿರುವ ಮಾದರಿಯನ್ನು ಬರುವ ವರ್ಷವೂ ಹೊಗಳುತ್ತಾರೆ ಎನ್ನಲಾಗದು. ಗೆಳೆಯರ ಮಾತಿಗಾಗಿ ಮಾತ್ರ ಕೊಂಡ ಶೂ, ಆ ಮಾತು ಮುಗಿದೊಡನೆ ಮಂಚದಡಿ ಸೇರುತ್ತದೆ.

ಅಸಲಿ ಹಳೆಯದೇ ಏಕೆ ಬೇಡ?

'ಮರುರೂಪ ಏಕೆ, ಆ ಕಾಲದ ಅಸಲಿ ಶೂವನ್ನೇ ಹುಡುಕಿ ಕೊಂಡರಾಯಿತು' ಎಂಬ ಉತ್ಸಾಹಿಗಳೂ ಇದ್ದಾರೆ. ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ನೆನಪಿಸಿಕೊಳ್ಳಬೇಕು.

1980ರ ದಶಕದಿಂದೀಚೆಗೆ ಅನೇಕ ಶೂಗಳ ನಡು ಅಟ್ಟೆಯಲ್ಲಿ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ನೊರೆಯನ್ನು ಬಳಸಿದ್ದಾರೆ. ಗಾಳಿಯಲ್ಲಿರುವ ತೇವಾಂಶ ಅದರ ಅಣುಗಳ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತದೆ. ಹಾಕಿಕೊಳ್ಳದೆ ಪೆಟ್ಟಿಗೆಯಲ್ಲೇ ಜೋಪಾನ ಮಾಡಿದರೂ ಹಲವು ವರ್ಷಗಳಲ್ಲಿ ಅಟ್ಟೆ ಪುಡಿಪುಡಿಯಾಗುತ್ತದೆ. ನೋಡಲು ಹೊಸದರಂತಿದ್ದ ಶೂ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಳೇ ರಸ್ಕಿನಂತೆ ಉದುರಿದ್ದುಂಟು. ಕರಾವಳಿ, ಮಲೆನಾಡುಗಳಂಥ ತೇವದ ಹವೆಯಲ್ಲಿ ಈ ಕ್ರಿಯೆಗೆ ಇನ್ನಷ್ಟು ವೇಗ.

ಆಲ್ ಸ್ಟಾರ್ ಮಾದರಿಯ ಅಟ್ಟೆ ಇದಕ್ಕಿಂತ ಭಿನ್ನ. ಅದು ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ, ಅಂದರೆ ವಲ್ಕನೈಸ್ ಮಾಡಿದ ಅಟ್ಟೆ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ವಿಧಾನವದು. ಹೀಗೆ ಮಾಡಿದ ರಬ್ಬರ್ ಬಿಸಿಲಿಗೆ ಕರಗದು, ಚಳಿಗೆ ಸುಲಭವಾಗಿ ಒಡೆಯದು. ಆದರೂ ದಶಕಗಳು ಕಳೆದರೆ ಅದೂ ಗಡುಸಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಹಳೇ ಅಸಲಿ ಶೂ ಎಂದರೆ ಕಪಾಟಿನಲ್ಲಿಟ್ಟು ನೋಡುವ ವಸ್ತು. ಹಾಕಿಕೊಂಡು ಓಡಾಡಬೇಕೆಂದರೆ ಮರುರೂಪವೇ ಗತಿ.

ಪಾದದ ಮಾತು ಕೇಳಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಮಾದರಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಮೆರಿಕ, ಯೂರೋಪುಗಳ ಪಾದಗಳ ಅಚ್ಚಿನ ಮೇಲೆ. ಚೆನ್ನೈನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಸರಾಸರಿಯಲ್ಲಿ ಅಮೆರಿಕ, ಯೂರೋಪಿನವರ ಪಾದಕ್ಕಿಂತ ಅಗಲ ಎಂಬುದು ಅದರಲ್ಲಿ ಕಂಡುಬಂತು. ಉದ್ದ ಸರಿಯಾದರೆ ಅಗಲ ಬಿಗಿ, ಅಗಲ ಸರಿಯಾದರೆ ಉದ್ದ ಹೆಚ್ಚು ಎಂಬ ನಮ್ಮವರ ಎಂದಿನ ಗೋಳಿಗೆ ಇದೇ ಕಾರಣ. ಭಾರತಕ್ಕೇ ಹೊಂದುವ 'ಭ' ಎಂಬ ಹೊಸ ಅಳತೆ ಕ್ರಮದ ಪ್ರಸ್ತಾಪ ಬಂದದ್ದೂ ಇದೇ ಸಮೀಕ್ಷೆಯಿಂದ.

ಅದೇ ಸಮೀಕ್ಷೆಯ ಇನ್ನೊಂದು ಅಂಶ ತಾಯ್ತಂದೆಯರಿಗೆ ಉಪಯುಕ್ತ. ಪಾದದ ಬೆಳವಣಿಗೆ ಹೆಣ್ಣುಮಕ್ಕಳಲ್ಲಿ ಸುಮಾರು 11ನೇ ವಯಸ್ಸಿಗೆ, ಗಂಡುಮಕ್ಕಳಲ್ಲಿ 15-16ಕ್ಕೆ ಗರಿಷ್ಠ ಮಟ್ಟ ಮುಟ್ಟುತ್ತದೆ ಎಂದು ಅದು ಕಂಡುಕೊಂಡಿತು. ಅಂದರೆ ಎಂಟನೇ ತರಗತಿಯ ಹುಡುಗನಿಗೆ ದುಬಾರಿ ಶೂ ಕೊಡಿಸಿದರೆ ಅದು ಸವೆಯುವ ಮೊದಲೇ ಚಿಕ್ಕದಾಗುವ ಸಂಭವ ಹೆಚ್ಚು. ಪಿಯುಸಿ ಮುಗಿಸಿದವನಿಗೆ ಆ ಭಯ ಕಡಿಮೆ. 'ಬೆಳೆಯುವ ಕಾಲು, ಎರಡು ನಂಬರ್ ದೊಡ್ಡದೇ ಇರಲಿ' ಎಂಬ ನಮ್ಮ ಮನೆಗಳ ಹಳೇ ಪದ್ಧತಿಯೂ ಒಳ್ಳೆಯದಲ್ಲ. ಸಡಿಲ ಶೂನಲ್ಲಿ ಹಿಮ್ಮಡಿ ಮೇಲೆ ಕೆಳಗೆ ಉಜ್ಜಿ ಗುಳ್ಳೆ ಏಳುತ್ತದೆ, ಮಗು ಎಡವುತ್ತದೆ.

ಅಳತೆ ನೋಡುವುದು ಕಷ್ಟವೇನಲ್ಲ. ಸಂಜೆ ಹೊತ್ತು ನೋಡಿ. ದಿನವಿಡೀ ಓಡಾಡಿದ ಕಾಲು ತುಸು ಉಬ್ಬಿರುತ್ತದೆ. ನೆಲದ ಮೇಲೆ ಕಾಗದ ಹಾಸಿ, ಗೋಡೆಗೆ ಹಿಮ್ಮಡಿ ತಾಗಿಸಿ ನೆಟ್ಟಗೆ ನಿಲ್ಲಿ. ಅತಿ ಉದ್ದದ ಬೆರಳಿನ ತುದಿಗೆ ಪೆನ್ಸಿಲ್ ಗುರುತು ಹಾಕಿ, ಸೆಂಟಿಮೀಟರಿನಲ್ಲಿ ಅಳೆಯಿರಿ. ಎರಡೂ ಕಾಲು ಅಳೆಯಬೇಕು, ದೊಡ್ಡದರ ಲೆಕ್ಕ ಹಿಡಿಯಬೇಕು. ಅಮೆರಿಕದ ನಂಬರ್, ಬ್ರಿಟನ್ನಿನ ನಂಬರ್, ಯೂರೋಪಿನ ನಂಬರ್ ಎಲ್ಲ ಬೇರೆ ಬೇರೆ. ಕಂಪನಿಯಿಂದ ಕಂಪನಿಗೂ ವ್ಯತ್ಯಾಸ ಉಂಟು. ಆಲ್ ಸ್ಟಾರ್ ಮಾದರಿಯಂತೂ ತೋರಿಸಿದ ನಂಬರಿಗಿಂತ ಸುಮಾರು ಅರ್ಧ ನಂಬರ್ ದೊಡ್ಡದಾಗಿ ಬರುತ್ತದೆ ಎಂಬುದು ಪ್ರಸಿದ್ಧ. ಹಾಗಾಗಿ ನಂಬರಿಗಿಂತ ಸೆಂಟಿಮೀಟರ್ ಲೆಕ್ಕವೇ ನಂಬಿಗಸ್ತ.

ಹಾಕಿಕೊಂಡು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ಕಿರುಬೆರಳ ಪಕ್ಕ ಒತ್ತಬಾರದು. ಹಿಮ್ಮಡಿ ಜಾರಬಾರದು. ಆಲ್ ಸ್ಟಾರ್ ಜಾತಿಯ ಶೂಗಳಲ್ಲಿ ಪಾದದ ಕಮಾನಿಗೆ ಆಧಾರ ಬಹಳ ಕಡಿಮೆ. ಚಪ್ಪಟೆ ಪಾದದವರು, ಈಗಾಗಲೇ ಹಿಮ್ಮಡಿ ನೋವು ಇರುವವರು ಕೊಳ್ಳುವ ಮೊದಲು ವೈದ್ಯರನ್ನು ಒಂದು ಮಾತು ಕೇಳುವುದು ಲೇಸು. ಮಕ್ಕಳನ್ನು ನೋಡಿ ತಮಗೂ ಒಂದು ಜೊತೆ ಇರಲಿ ಎನ್ನುವ ಹಿರಿಯರಲ್ಲಿ ಸಕ್ಕರೆ ಕಾಯಿಲೆ ಇದ್ದರಂತೂ ಇದು ಕಡ್ಡಾಯ.

ಯಾವ ಕೆಲಸಕ್ಕೆ?

ಬೆಳಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಹೋಗಿ, ತರಗತಿಯಲ್ಲಿ ಕುಳಿತು, ಸಂಜೆ ಮನೆಗೆ ಬರುವವರಿಗೆ ಇಂಥ ಶೂ ಧಾರಾಳವಾಗಿ ಸಾಕು. ಜಿಮ್ಮಿನಲ್ಲಿ ಭಾರ ಎತ್ತುವ ಕೆಲವರು ಕುಗ್ಗದ, ಚಪ್ಪಟೆ ಅಟ್ಟೆ ಇರುವುದರಿಂದ ಆಲ್ ಸ್ಟಾರನ್ನೇ ಇಷ್ಟಪಡುತ್ತಾರೆ. ಆದರೆ ದಿನಾ ಐದು ಕಿಲೋಮೀಟರ್ ಓಡುವ ಹುಡುಗಿಗೆ, ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನಿಜವಾಗಿ ಆಡುವ ಹುಡುಗನಿಗೆ ಇವು ಸಲ್ಲವು. ಆ ಆಟಗಳಿಗೆಂದೇ ಮಾಡಿದ ಈಗಿನ ಶೂ ಬೇಕು. ಜೋರ್ಡಾನ್ 1ರ ಮಾತೂ ಅಷ್ಟೇ; 1985ರ ತಂತ್ರಜ್ಞಾನ 1985ರದೇ.

ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಲ್ ಸ್ಟಾರ್ ಶೂವಿನ ಒಳಮೈಯಲ್ಲಿ ಗಾಳಿಗೆಂದು ಎರಡು ಸಣ್ಣ ರಂಧ್ರಗಳಿವೆ. ಜೂನ್ ತಿಂಗಳಲ್ಲಿ ಅವೇ ನೀರಿನ ಬಾಗಿಲು! ನೆನೆದ ಕ್ಯಾನ್ವಾಸ್ ಬೇಗ ಒಣಗದು, ವಾಸನೆ ಬರುತ್ತದೆ. ಒಣಗಿಸುವಾಗ ಒಳಗೆ ಹಳೇ ಪತ್ರಿಕೆ ತುರುಕಿ ನೆರಳಲ್ಲಿಡಿ. ಉರಿಬಿಸಿಲಿನಲ್ಲಿಟ್ಟರೆ ರಬ್ಬರ್ ಹಳದಿಗಟ್ಟಿ ಅಂಟು ಬಿಡುತ್ತದೆ. ಒಂದೇ ಜೊತೆ ಶೂನಲ್ಲಿ ಇಡೀ ವರ್ಷ ಕಳೆಯಬೇಕಾದವರು ಈ ಅಂಶವನ್ನು ಮುಖ್ಯವಾಗಿ ಯೋಚಿಸಬೇಕು.

ದುಡ್ಡಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಶೂ ಅಂಗಡಿಯಲ್ಲಿ ಎರಡು ಅರ್ಥದಲ್ಲೂ ನಿಜ. ಒಂದು ಲೆಕ್ಕ ಹಾಕಿ ನೋಡಿ. ಶೂವಿನ ಬೆಲೆಯನ್ನು ಅದನ್ನು ಎಷ್ಟು ದಿನ ಹಾಕಿಕೊಳ್ಳುವಿರೋ ಅಷ್ಟರಿಂದ ಭಾಗಿಸಿ. ಆರು ಸಾವಿರದ ಶೂವನ್ನು ಮುನ್ನೂರು ದಿನ ಹಾಕಿದರೆ ದಿನಕ್ಕೆ ಇಪ್ಪತ್ತು ರೂಪಾಯಿ. ಮೂವತ್ತೇ ದಿನ ಹಾಕಿದರೆ ದಿನಕ್ಕೆ ಇನ್ನೂರು. ಮಕ್ಕಳೇ ಈ ಲೆಕ್ಕ ಮಾಡಿ ಮನೆಯವರ ಮುಂದಿಡಲಿ. ಹಟಕ್ಕಿಂತ ಲೆಕ್ಕಕ್ಕೆ ಅಪ್ಪ-ಅಮ್ಮ ಹೆಚ್ಚು ಕಿವಿಗೊಡುತ್ತಾರೆ.

ಹೆಸರಾಂತ ಮಾದರಿಗಳ ನಕಲಿಗಳೂ ಬೀದಿಬೀದಿಯಲ್ಲಿ ಸಿಗುತ್ತವೆ. ಹೊರಗಿನ ಚಿಹ್ನೆ ನಕಲು ಮಾಡುವುದು ಸುಲಭ. ಒಳಗಿನ ಮೆತ್ತೆ, ಅಂಟು, ರಬ್ಬರಿನ ಗುಣವನ್ನು ನಕಲು ಮಾಡಲು ಖರ್ಚಾಗುತ್ತದೆ, ಅದಕ್ಕೇ ಅವನ್ನು ಬಿಟ್ಟಿರುತ್ತಾರೆ. ಚಿಹ್ನೆಗಾಗಿ ನಕಲಿ ಕೊಳ್ಳುವುದಕ್ಕಿಂತ ಹೆಸರಿಲ್ಲದ, ಆದರೆ ಕಾಲಿಗೆ ಹಿತವಾದ ಶೂ ಎಷ್ಟೋ ವಾಸಿ.

ಹೆಸರಿನ ಮಾತು ಬಂದಾಗ ನಮ್ಮ ಮನೆಯಂಗಳದ ಒಂದು ಶೂವನ್ನೂ ನೆನೆಯಬೇಕು. ಹಿಂದಿನ ತಲೆಮಾರು ಶನಿವಾರದ ಡ್ರಿಲ್ಲಿಗೆ ಬಿಳಿ ಪಾಲಿಷ್ ಬಳಿದು ಹಾಕಿಕೊಳ್ಳುತ್ತಿದ್ದ ಬಾಟಾ ಟೆನಿಸ್ ಶೂ ಭಾರತದ ಶಾಲಾ ಮಕ್ಕಳಿಗಾಗಿ 1936ರಲ್ಲಿ ರೂಪುಗೊಂಡದ್ದು ಎಂದು ಕಂಪನಿ ಹೇಳಿಕೊಳ್ಳುತ್ತದೆ. 2010ರ ದಶಕದಲ್ಲಿ ಅದನ್ನೂ 'ಪರಂಪರೆ'ಯ ಹೆಸರಿನಲ್ಲಿ ಹೊಸದಾಗಿ ಮಾಡಿ ಹೊರದೇಶಗಳಲ್ಲಿ ಮಾರಿದರು. ಅಪ್ಪನಿಗೆ ಸಾಧಾರಣ ಎನಿಸಿದ ಶೂ ಇನ್ನೊಬ್ಬರಿಗೆ ಅಪರೂಪ. ಇದನ್ನು ನೆನೆದರೆ ಮಗನ ಆಸೆ ಅಪ್ಪನಿಗೆ ಅಷ್ಟೊಂದು ಹುಚ್ಚು ಎನಿಸಲಾರದು. ಕಡಿಮೆ ಬೆಲೆಗೆ ಸಿಗುವ ಸಾದಾ ಕ್ಯಾನ್ವಾಸ್ ಶೂ ಕೂಡ ಮಗನಿಗೆ ಅಷ್ಟು ಕೀಳು ಎನಿಸಲಾರದು.

ಅಂಗಡಿಯಲ್ಲಿ ಹತ್ತು ನಿಮಿಷ

ಕೊನೆಗೆ ಅಂಗಡಿಗೆ ಹೋದಾಗ ಅವಸರ ಬೇಡ. ದಿನವೂ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು ಹೋಗಿ. ಎರಡೂ ಕಾಲಿಗೂ ಶೂ ತೊಟ್ಟು, ದಾರ ಬಿಗಿದು, ಕನ್ನಡಿ ನೋಡುವ ಮೊದಲು ನಾಲ್ಕು ಸಲ ಅತ್ತಿತ್ತ ನಡೆಯಿರಿ. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ತುದಿಗಾಲಲ್ಲಿ ನಿಂತು, ಶೂ ಮಡಿಸುವ ಜಾಗ ಬೆರಳಿಗೆ ಕಚ್ಚುವುದೇ ಗಮನಿಸಿ. ಸಾಮಾನ್ಯ ಮಾದರಿ, ದುಬಾರಿ ಮರುರೂಪ ಎರಡೂ ಇದ್ದರೆ ಒಂದು ಕಾಲಿಗೆ ಒಂದು, ಇನ್ನೊಂದಕ್ಕೆ ಮತ್ತೊಂದು ಹಾಕಿ ನಡೆದು ನೋಡಿ. ವ್ಯತ್ಯಾಸ ತಿಳಿಯದಿದ್ದರೆ ಕಡಿಮೆ ಬೆಲೆಯದೇ ನಿಮಗೆ ಸರಿ. ಇಂಟರ್‌ನೆಟ್ ಮೂಲಕ ತರಿಸಿದರೆ ಮನೆಯೊಳಗೇ ಹೀಗೆ ಪರೀಕ್ಷಿಸಿ. ಒಮ್ಮೆ ಬೀದಿಯ ಧೂಳು ತಾಗಿದರೆ ಹಿಂದಕ್ಕೆ ಪಡೆಯುವುದಿಲ್ಲ.

ಕಾಲಿಗೆ ಹಿತವೆನಿಸಿ, ದಿನನಿತ್ಯದ ಓಡಾಟಕ್ಕೆ ಒದಗಿ, ಮನೆಯ ಲೆಕ್ಕಕ್ಕೂ ಒಗ್ಗಿದರೆ ಅಂದಕ್ಕಾಗಿ ಸ್ವಲ್ಪ ಹೆಚ್ಚು ಕೊಡುವುದರಲ್ಲಿ ಸಂಕೋಚ ಬೇಕಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಅದನ್ನು ಅಂಗಡಿಯ ಗಾಜಿನ ಹಿಂದೆಯೇ ಬಿಟ್ಟು ಬನ್ನಿ. ನೂರು ವರ್ಷ ಬಾಳಿದ ಮಾದರಿ ಇನ್ನೊಂದು ವರ್ಷ ಎಲ್ಲಿಗೂ ಓಡಿಹೋಗುವುದಿಲ್ಲ.